ಸೊಪ್ಪಿನ ಮಡಿಗೆ ಹಸಿ ಗೊಬ್ಬರ: ಓದುಗರ ಪ್ರಶ್ನೆಗಳಿಗೆ ಉತ್ತರ

ಸೊಪ್ಪಿನ ಬೇಸಾಯ ಮತ್ತು ಆರೋಗ್ಯದ ಕುರಿತು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಗೊಬ್ಬರದ ಪ್ರಶ್ನೆಯನ್ನೇ ಎತ್ತಿವೆ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಅರ್ಧ ಎಕರೆ ಬೋರ್‌ವೆಲ್ ನೀರಾವರಿ. ದಂಟು, ಕೊತ್ತಂಬರಿ, ಪಾಲಕ್, ಮೆಂತ್ಯ ಹಾಕಿ ವಾರಕ್ಕೆ ಎರಡು ಸಲ ಮಂಡಿಗೆ ಕಳಿಸುತ್ತೇವೆ. ಎರಡು ಸೀಮೆ ಹಸು, ಆರು ಕುರಿ ಇವೆ. ತಿಪ್ಪೆಯ ಗೊಬ್ಬರವನ್ನೇ ಮಡಿಗೆ ಹಾಕುತ್ತೇವೆ. ನನ್ನ ಸೊಸೆ ಈಗ ಐದು ತಿಂಗಳ ಬಸುರಿ. ಸಗಣಿಯ ರೋಗಾಣು ಇರುತ್ತದೆ, ಹಸಿ ಸೊಪ್ಪು ತಿನ್ನಬೇಡ ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ. ನಮ್ಮ ಅತ್ತೆಯವರು ಮಾತ್ರ, ಅಜ್ಜನ ಕಾಲದಿಂದ ಇದೇ ಗೊಬ್ಬರ ಹಾಕಿ ತಿಂದಿದ್ದೇವೆ, ಯಾರಿಗೆ ಏನಾಯಿತು ಎನ್ನುತ್ತಾರೆ. ಯಾರ ಮಾತು ಸರಿ? ಸಗಣಿಯಲ್ಲಿರುವುದು ಎಲೆಗೆ ಹೇಗೆ ಬರುತ್ತದೆ?
(ರೈತ ಮಹಿಳೆ, ಶ್ರೀನಿವಾಸಪುರ ತಾಲ್ಲೂಕು)

ಉತ್ತರ: ಅಮ್ಮ, ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ನಿಮ್ಮ ಅತ್ತೆಯವರು ಕಂಡ ಬೇಸಾಯಕ್ಕೂ ಇಂದು ನೀವು ಮಾಡುತ್ತಿರುವ ಬೇಸಾಯಕ್ಕೂ ನಡುವೆ ದಿನಗಳ ಲೆಕ್ಕ ಬದಲಾಗಿಬಿಟ್ಟಿದೆ. ತೊಂದರೆ ಇರುವುದು ಅಲ್ಲಿಯೇ. ಅದಕ್ಕೆ ಬರುವ ಮೊದಲು ಸಗಣಿಯಲ್ಲಿ ಏನಿರುತ್ತದೆ ಎಂಬುದನ್ನು ಹೇಳುತ್ತೇವೆ.

ದನದ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿರುತ್ತವೆ. ಇ. ಕೋಲೈ ಅವುಗಳಲ್ಲಿ ಒಂದು. ಇದು ನಮ್ಮ ಕರುಳಿನಲ್ಲೂ ಇದೆ, ಇದರ ಬಹುಪಾಲು ತಳಿಗಳು ನಿರುಪದ್ರವಿಗಳು. ಆದರೆ ಕೆಲವು ತಳಿಗಳು ಶಿಗಾ ಎಂಬ ವಿಷವನ್ನು ಉತ್ಪಾದಿಸುತ್ತವೆ. ಅವುಗಳಲ್ಲಿ ಹೆಚ್ಚು ಪರಿಚಿತವಾದ ಒ157:ಎಚ್7 ಎಂಬ ತಳಿಯನ್ನು 1982ರಲ್ಲಿ ಅಮೆರಿಕದಲ್ಲಿ, ಸರಿಯಾಗಿ ಬೇಯದ ಮಾಂಸ ತಿಂದವರಲ್ಲಿ ಕಾಣಿಸಿಕೊಂಡ ರಕ್ತಭೇದಿಯ ಬೆನ್ನುಹತ್ತಿ ಹೋದಾಗ ಮೊದಲ ಬಾರಿಗೆ ಗುರುತಿಸಲಾಯಿತು. ಇದನ್ನು ಹೊತ್ತ ಹಸುವಿಗೆ ಯಾವ ಕಾಯಿಲೆಯೂ ಬರುವುದಿಲ್ಲ. ಚೆನ್ನಾಗಿ ಮೇವು ತಿಂದು, ಹೊತ್ತಿಗೆ ಸರಿಯಾಗಿ ಹಾಲು ಕೊಡುವ ಹಸುವಿನ ಸಗಣಿಯಲ್ಲೂ ಇದು ಇರಬಹುದು, ಆದ್ದರಿಂದ ನಮ್ಮ ಹಸು ಆರೋಗ್ಯವಾಗಿದೆ ಎಂಬ ಭರವಸೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮನುಷ್ಯನಿಗೆ ಕಾಯಿಲೆ ತರಲು ಈ ತಳಿಯ ನೂರಕ್ಕಿಂತ ಕಡಿಮೆ ಜೀವಕೋಶಗಳು ಸಾಕು, ಸಾಸಿವೆ ಕಾಳಿನಷ್ಟು ಸಗಣಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಇರಬಲ್ಲವು. ಕೋಳಿ ಗೊಬ್ಬರದಲ್ಲಿ ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹೆಚ್ಚು. ಲಿಸ್ಟೀರಿಯಾ ಎಂಬುದು ಮಣ್ಣಿನಲ್ಲಿ, ಕೊಳೆತ ಹುಲ್ಲಿನಲ್ಲಿ, ಕುರಿ ಮತ್ತು ದನಗಳ ಹಿಕ್ಕೆ ಸಗಣಿಗಳಲ್ಲಿ ಬದುಕುವ ಇನ್ನೊಂದು ಬ್ಯಾಕ್ಟೀರಿಯಾ.

ಇವು ಎಲೆಗೆ ಬರುವ ದಾರಿಯನ್ನು ನೀವು ನಿಮ್ಮ ಹೊಲದಲ್ಲಿಯೇ ನೋಡಬಹುದು. ಬಿರುಸಾದ ಮಳೆ ಬಂದ ಮರುದಿನ ಬೆಳಿಗ್ಗೆ ಪಾಲಕ್ ಮಡಿಯ ಪಕ್ಕ ಕುಳಿತು ಒಂದು ಎಲೆಯನ್ನು ತಿರುಗಿಸಿ ನೋಡಿ. ಎಲೆಯ ಅಡಿಯಲ್ಲಿ, ನಡುನರದ ಎರಡೂ ಪಕ್ಕ, ತೊಟ್ಟು ಬುಡವನ್ನು ಸೇರುವ ತೋಡಿನಲ್ಲಿ ಕೆಂಪು ಮಣ್ಣಿನ ಸಣ್ಣ ಸಣ್ಣ ಚುಕ್ಕೆಗಳು ಕೂತಿರುತ್ತವೆ. ಮಳೆಹನಿ ನೆಲಕ್ಕೆ ಬಡಿದು ಚಿಮ್ಮಿದಾಗ ಮಣ್ಣೂ, ಮಣ್ಣಿನೊಡನೆ ಗೊಬ್ಬರದ ಕಣವೂ ಮೇಲೆ ಹಾರಿ ಎಲೆಗೆ ಅಂಟಿಕೊಂಡ ಗುರುತು ಅದು. ಸ್ಪ್ರಿಂಕ್ಲರ್ ನೀರೂ ಇದೇ ಕೆಲಸ ಮಾಡುತ್ತದೆ. ಟೊಮೇಟೊ ಗಿಡದಲ್ಲಿ ಹಣ್ಣು ಕೋಲಿನ ಆಸರೆಯಲ್ಲಿ ನೆಲದಿಂದ ಮೇಲಿರುತ್ತದೆ, ದಂಟಿಗೂ ಕೊತ್ತಂಬರಿಗೂ ಆ ಅನುಕೂಲವಿಲ್ಲ. ನಾವು ತಿನ್ನುವ ಭಾಗವೇ ಗೊಬ್ಬರ ಹಾಕಿದ ನೆಲದಿಂದ ಒಂದು ಗೇಣು ಎತ್ತರದಲ್ಲಿ ಹರಡಿಕೊಂಡಿರುತ್ತದೆ.

ಎಲೆಗೆ ತಾಗಿದ ಬ್ಯಾಕ್ಟೀರಿಯಾ ಅಲ್ಲಿ ಸುಮ್ಮನೆ ಕೂತಿರುವುದಿಲ್ಲ. ಎಲೆ ಉಸಿರಾಡುವ ಪತ್ರರಂಧ್ರಗಳೊಳಗೆ ಇಳಿಯಬಲ್ಲದು, ಹುಳು ಕಡಿದ ಜಾಗದಲ್ಲಿ, ಕುಡುಗೋಲು ತಾಗಿದ ತುದಿಯಲ್ಲಿ ಒಸರುವ ರಸವನ್ನು ಹಿಡಿದು ನೆಲೆಯೂರಬಲ್ಲದು, ಅಂಟಿನಂತಹ ಪದರವೊಂದನ್ನು ಕಟ್ಟಿಕೊಂಡು ನೀರಿಗೆ ಜಗ್ಗದೆ ಉಳಿಯಬಲ್ಲದು. ಬೇರಿನ ಮೂಲಕ ಗಿಡದೊಳಕ್ಕೆ ಹೋಗುವುದನ್ನೂ ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ಆದರೆ ಅದು ಮಣ್ಣಿಗೆ ಬಹಳ ದೊಡ್ಡ ಪ್ರಮಾಣದಲ್ಲಿ ಬ್ಯಾಕ್ಟೀರಿಯಾ ಬೆರೆಸಿದಾಗ ಕಂಡ ಸಂಗತಿ. ಹೊಲದ ಮಟ್ಟಿಗೆ ಚಿಂತೆ ಮಾಡಬೇಕಾದದ್ದು ಎಲೆಯ ಮೇಲೆ ಬಂದು ಬೀಳುವುದರ ಬಗ್ಗೆಯೇ.

ಈಗ ದಿನಗಳ ಲೆಕ್ಕಕ್ಕೆ ಬರೋಣ. ನಿಮ್ಮ ಅತ್ತೆಯವರ ಕಾಲದಲ್ಲಿ ತಿಪ್ಪೆಯ ಗೊಬ್ಬರವನ್ನು ಬೇಸಿಗೆಯಲ್ಲಿ ಗಾಡಿಗಳಲ್ಲಿ ಹೊಲಕ್ಕೆ ಹೊಡೆದು ಗುಡ್ಡೆ ಹಾಕುತ್ತಿದ್ದರು. ಅದು ಬಿಸಿಲಿಗೆ ಒಣಗಿ, ಮುಂಗಾರಿನ ಉಳುಮೆಯಲ್ಲಿ ಮಣ್ಣಿಗೆ ಸೇರಿ, ರಾಗಿ ಕೊಯ್ಲಿಗೆ ಬರುವ ಹೊತ್ತಿಗೆ ಐದಾರು ತಿಂಗಳು ಕಳೆದಿರುತ್ತಿತ್ತು, ಆ ರಾಗಿಯೂ ಕುದಿಯುವ ಎಸರಿನಲ್ಲಿ ಮುದ್ದೆಯಾಗಿಯೇ ತಟ್ಟೆಗೆ ಬರುತ್ತಿತ್ತು. ಆಗ ಯಾರಿಗೂ ಏನೂ ಆಗಲಿಲ್ಲ ಎಂಬುದರ ಹಿಂದೆ ಈ ತಿಂಗಳುಗಳೂ ಈ ಕುದಿಯೂ ಇದ್ದವು. ಬೋರ್‌ವೆಲ್ ಬಂದ ಮೇಲೆ ವರ್ಷವಿಡೀ ಸೊಪ್ಪು ಹಾಕುತ್ತೇವೆ. ದಂಟು, ಮೆಂತ್ಯ 25ರಿಂದ 30 ದಿನಗಳಲ್ಲಿ ಕೀಳಲು ಬರುತ್ತವೆ, ಕೊತ್ತಂಬರಿಗೆ 40 ದಿನ. ಒಂದು ಮಡಿ ಖಾಲಿಯಾದ ವಾರದಲ್ಲೇ ತಿಪ್ಪೆಯಿಂದ ನಾಲ್ಕು ಬುಟ್ಟಿ ತಂದು ಚೆಲ್ಲಿ ಮತ್ತೆ ಬಿತ್ತುತ್ತೇವೆ. ರೋಗಾಣು ಸೇರಿಸಿದ ಗೊಬ್ಬರವನ್ನು ಮಣ್ಣಿಗೆ ಹಾಕಿ ಅಮೆರಿಕದಲ್ಲಿ ನಡೆಸಿದ ಒಂದು ಪ್ರಯೋಗದಲ್ಲಿ ಒ157:ಎಚ್7 ಆ ಮಣ್ಣಿನಲ್ಲಿ 154ರಿಂದ 217 ದಿನಗಳವರೆಗೂ ಸಿಕ್ಕಿತು. ಬಿಸಿಲು, ಒಣಹವೆ, ಮಣ್ಣಿನ ಇತರ ಜೀವಿಗಳ ಪೈಪೋಟಿ ಹೆಚ್ಚಿದ್ದಲ್ಲಿ ಇದು ಬೇಗ ಕಡಿಮೆಯಾಗುತ್ತದೆ ಎಂಬುದೂ ನಿಜ. ಆದರೆ ಸೊಪ್ಪಿನ ಮಡಿಗೆ ದಿನ ಬಿಟ್ಟು ದಿನ ನೀರು ಹಾಯಿಸಿ ತಂಪಾಗಿ ಇಡುತ್ತೇವಲ್ಲ, ಅಲ್ಲಿ ಅದು ಬೇಗ ಸಾಯುತ್ತದೆಂದು ನಂಬಿ ಕೂರುವಂತಿಲ್ಲ. ಅಮೆರಿಕದ ಸಾವಯವ ಕೃಷಿ ನಿಯಮದ ಪ್ರಕಾರ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಗೊಬ್ಬರ ಹಾಕಿದ ಮೇಲೆ 120 ದಿನ ಕಳೆಯುವವರೆಗೆ ಕೊಯ್ಲು ಮಾಡುವಂತಿಲ್ಲ, ತಾಗದ ಬೆಳೆಗೆ 90 ದಿನ. ಮೂವತ್ತು ದಿನದ ದಂಟಿಗೆ 120 ದಿನದ ಗಡುವನ್ನು ಎಲ್ಲಿಂದ ತರುವುದು? ಸೊಪ್ಪಿನ ಮಡಿಗೆ ಹಸಿ ಗೊಬ್ಬರವನ್ನು ಹಾಕಲೇಬಾರದು, ಕಳಿತ ಗೊಬ್ಬರವನ್ನೇ ಹಾಕಬೇಕು ಎಂದು ನಾವು ಗಟ್ಟಿಯಾಗಿ ಹೇಳುವುದು ಈ ಕಾರಣಕ್ಕೆ.

ತಿಪ್ಪೆಯಲ್ಲಿ ಆರು ತಿಂಗಳಿದ್ದದ್ದೆಲ್ಲ ಕಳಿತ ಗೊಬ್ಬರವಲ್ಲ. ದಿನವೂ ಬೆಳಿಗ್ಗೆ ಕೊಟ್ಟಿಗೆ ಬಾಚಿ ಹೊಸ ಸಗಣಿಯನ್ನು ಅದೇ ತಿಪ್ಪೆಯ ಮೇಲೆ ಹಾಕುತ್ತಿದ್ದರೆ ಹಳೆಯದರ ಜೊತೆ ಹೊಸದೂ ಬೆರೆತು, ಇಡೀ ತಿಪ್ಪೆಯೇ ಹಸಿಯಾಗಿ ಉಳಿಯುತ್ತದೆ. ಎರಡು ಗುಂಡಿ ಮಾಡಿಕೊಳ್ಳಿ. ಒಂದು ತುಂಬಿದ ಮೇಲೆ ಅದಕ್ಕೆ ಹೊಸ ಸಗಣಿ ಸೇರಿಸದೆ ಇನ್ನೊಂದಕ್ಕೆ ಹಾಕಲು ಶುರು ಮಾಡಿ. ತುಂಬಿದ್ದರಲ್ಲಿ ಸಗಣಿಯ ಜೊತೆ ರಾಗಿ ಹುಲ್ಲು, ಒಣಗಿದ ಎಲೆ, ಕಳೆಗಿಡಗಳನ್ನು ಪದರ ಪದರವಾಗಿ ಸೇರಿಸಿ, ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಇರಿಸಿ, ಎದೆಯೆತ್ತರಕ್ಕೆ ಒಟ್ಟಿದರೆ ಒಳಗೆ ಶಾಖ ಏಳುತ್ತದೆ. ಈ ಶಾಖವೇ ರೋಗಾಣುವನ್ನು ಕೊಲ್ಲುವುದು. 55 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ 15 ದಿನ ಇರಬೇಕು, ಆ ಅವಧಿಯಲ್ಲಿ ಐದು ಸಲ ಮಗುಚಬೇಕು, ಇದು ಒಪ್ಪಿತವಾದ ಅಳತೆ. ಮಗುಚದೆ ಬಿಟ್ಟರೆ ಹೊರಗಿನ ಒಂದು ಮೊಳ ತಣ್ಣಗೇ ಉಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳೂ ಹಾಗೆಯೇ ಉಳಿಯುತ್ತವೆ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಗಡಾರಿಯನ್ನು ಗುಡ್ಡೆಯ ನಡುವಿಗೆ ಚುಚ್ಚಿ, ಕಾಲು ಗಂಟೆ ಬಿಟ್ಟು, ಎಳೆದು ಒಳಗಿದ್ದ ತುದಿಯನ್ನು ಮುಟ್ಟಿ ನೋಡಿ. ಹಿಡಿದುಕೊಳ್ಳಲಾಗದಷ್ಟು ಸುಡುತ್ತಿದ್ದರೆ ಗೊಬ್ಬರ ಬೇಯುತ್ತಿದೆ, ಉಗುರುಬೆಚ್ಚಗಿದ್ದರೆ ಇನ್ನೂ ಶಾಖ ಬಂದಿಲ್ಲ. ಗಡಾರಿ ನಿಖರವಾದ ಅಳತೆಯನ್ನು ಹೇಳದಿದ್ದರೂ ಮಗುಚುವ ಹೊತ್ತನ್ನು ತಿಳಿಸುತ್ತದೆ. ಎಲ್ಲ ಮುಗಿದ ಮೇಲೆ ಎರಡು ತಿಂಗಳು ಮಾಗಲು ಬಿಟ್ಟು, ಸಗಣಿಯ ವಾಸನೆ ಪೂರ್ತಿ ಹೋಗಿ ಮಳೆ ಬಿದ್ದ ಮಣ್ಣಿನ ವಾಸನೆ ಬಂದಾಗ ಮಡಿಗೆ ಬಳಸಿ. ಎರೆಗೊಬ್ಬರ ಮಾಡುವವರು ಒಂದನ್ನು ನೆನಪಿಡಬೇಕು: ಎರೆಹುಳು ಬಿಸಿಯನ್ನು ತಾಳುವುದಿಲ್ಲವಾದ್ದರಿಂದ ಆ ತೊಟ್ಟಿಯಲ್ಲಿ ಈ ಶಾಖ ಏಳುವುದೇ ಇಲ್ಲ. ಸಗಣಿಯನ್ನು ಮೊದಲು ಗುಡ್ಡೆಯಲ್ಲಿ ಕಾಯಿಸಿ, ತಣಿದ ಮೇಲೆ ಹುಳುವಿಗೆ ಕೊಡುವುದು ಒಳ್ಳೆಯದು.

ಇನ್ನು ನಿಮ್ಮ ಸೊಸೆಯ ವಿಷಯ. ಆಸ್ಪತ್ರೆಯಲ್ಲಿ ಹೇಳಿದ್ದನ್ನು ದಯವಿಟ್ಟು ಪಾಲಿಸಿ. 1981ರಲ್ಲಿ ಕೆನಡಾದ ಪೂರ್ವ ಕರಾವಳಿಯಲ್ಲಿ ಲಿಸ್ಟೀರಿಯಾ ಕಾಯಿಲೆ 41 ಜನರಲ್ಲಿ ಕಾಣಿಸಿಕೊಂಡಿತು, ಅವುಗಳಲ್ಲಿ 34 ಪ್ರಕರಣಗಳು ಬಸುರಿಯರು ಮತ್ತು ಹಸುಗೂಸುಗಳಿಗೆ ಸಂಬಂಧಿಸಿದವು. ಹುಡುಕುತ್ತ ಹೋದಾಗ ಮೂಲ ಸಿಕ್ಕಿದ್ದು ಹಸಿ ಎಲೆಕೋಸಿನಲ್ಲಿ. ಆ ಕೋಸಿನ ಹೊಲಕ್ಕೆ ಹಾಕಿದ್ದು ಲಿಸ್ಟೀರಿಯಾ ರೋಗ ತಗುಲಿದ್ದ ಕುರಿಗಳ ಗೊಬ್ಬರ, ಕೋಸನ್ನು ಚಳಿಗಾಲವಿಡೀ ತಣ್ಣನೆಯ ಕೊಠಡಿಯಲ್ಲಿ ಇಟ್ಟಿದ್ದರು. ಲಿಸ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾ. ತಾಯಿಗೆ ಸಣ್ಣ ಜ್ವರದಂತೆ ಬಂದು ಹೋಗಬಹುದು, ಮಗುವಿಗೆ ಪ್ರಾಣಾಪಾಯ. ಆದರೆ ಸೊಪ್ಪನ್ನೇ ಬಿಡಿಸಬೇಡಿ, ಬಸುರಿಗೆ ಸೊಪ್ಪು ಬೇಕೇ ಬೇಕು. ಮಸ್ಸೊಪ್ಪು, ಬಸ್ಸಾರು, ಪಲ್ಯ ಯಾವುದಾದರೂ ಸರಿ, ಕುದಿ ಬಂದು ಬೆಂದ ಸೊಪ್ಪಿನಲ್ಲಿ ಇ. ಕೋಲೈ, ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಈ ಮೂರರಲ್ಲಿ ಯಾವುದೂ ಬದುಕಿರುವುದಿಲ್ಲ.

ಪ್ರಶ್ನೆ: ನಾನು ಎರಡು ವರ್ಷದಿಂದ ನೈಸರ್ಗಿಕ ಕೃಷಿ ಮಾಡುತ್ತಿದ್ದೇನೆ. ಕೊತ್ತಂಬರಿ, ಪುದೀನ ಬೆಳೆಗೆ ವಾರಕ್ಕೊಮ್ಮೆ ಜೀವಾಮೃತವನ್ನು ಸೋಸಿ ಎಲೆಗೆ ಸಿಂಪಡಿಸುತ್ತೇನೆ. ರಾಸಾಯನಿಕವಿಲ್ಲದ ಸೊಪ್ಪು ಎಂದು ಗಿರಾಕಿಗಳು ಮನೆಗೇ ಬಂದು ಕೊಳ್ಳುತ್ತಾರೆ. ಇದರಲ್ಲಿ ತಪ್ಪೇನಾದರೂ ಇದೆಯೇ? ನಮ್ಮೂರ ಕೆರೆಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದಿದೆ, ಅದನ್ನು ಸೊಪ್ಪಿಗೆ ಬಳಸಬಹುದೇ?
(ಯುವ ರೈತ, ಚಿಕ್ಕಬಳ್ಳಾಪುರ ಜಿಲ್ಲೆ)

ಉತ್ತರ: ನಿಮ್ಮ ಶ್ರದ್ಧೆಯನ್ನು ಗೌರವಿಸುತ್ತಲೇ ಹೇಳುತ್ತೇವೆ, ಎಲೆಗೆ ಸಿಂಪಡಿಸುವುದನ್ನು ನಿಲ್ಲಿಸಿ. ಜೀವಾಮೃತ ಎಂದರೆ 200 ಲೀಟರ್ ನೀರಿಗೆ 10 ಕೆ.ಜಿ. ಹಸಿ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಸೇರಿಸಿ ಕೆಲವು ದಿನ ಕೊಳೆಸಿದ್ದು. ಅದರ ಉದ್ದೇಶವೇ ಸೂಕ್ಷ್ಮಜೀವಿಗಳನ್ನು ಬೆಳೆಸುವುದು. ಬೆಲ್ಲವೂ ಹಿಟ್ಟೂ ಒಳ್ಳೆಯ ಜೀವಿಗಳಿಗೆ ಆಹಾರವಾಗುವಂತೆಯೇ ಸಗಣಿಯಲ್ಲಿ ಕೆಟ್ಟದ್ದೇನಾದರೂ ಇದ್ದರೆ ಅದಕ್ಕೂ ಆಹಾರವಾಗಬಲ್ಲವು. ಅಲ್ಲಿ ಶಾಖ ಏಳುವುದಿಲ್ಲ, ತಿಂಗಳುಗಳ ಗಡುವೂ ಇಲ್ಲ. ಸೋಸುವ ಬಟ್ಟೆ ನಾರನ್ನು ತಡೆಯುತ್ತದೆ, ಬ್ಯಾಕ್ಟೀರಿಯಾವನ್ನು ತಡೆಯುವುದಿಲ್ಲ. ಪುದೀನ, ಕೊತ್ತಂಬರಿಗಳನ್ನು ಜನ ಚಟ್ನಿಗೆ, ಕೋಸಂಬರಿಗೆ, ಚುರುಮುರಿಗೆ ಹಸಿಯಾಗಿಯೇ ಹಾಕುತ್ತಾರೆ. ಬಿತ್ತನೆಗೆ ಮೊದಲು ಮಣ್ಣಿಗೆ ಕೊಡುವುದು ಎಲೆಗೆ ಸಿಂಪಡಿಸುವುದಕ್ಕಿಂತ ಮೇಲು. ಆದರೂ ಹಸಿಯಾಗಿ ತಿನ್ನುವ ಸೊಪ್ಪಿಗೆ ಅದರ ಬದಲು ಚೆನ್ನಾಗಿ ಕಾಯಿಸಿದ ಕಾಂಪೋಸ್ಟನ್ನೇ ನೆಚ್ಚಿಕೊಳ್ಳಿ. ಜೀವಾಮೃತವನ್ನು ರಾಗಿ, ಮಾವು, ತೊಗರಿಗೆ ಬಳಸಿ. ನಿಮ್ಮ ಗಿರಾಕಿಗಳು ವಿಷವಿಲ್ಲದ ಸೊಪ್ಪೆಂದು ನಂಬಿ ಮಕ್ಕಳಿಗೆ ಹಸಿಯಾಗಿ ಕೊಡುವವರು, ಆದ್ದರಿಂದ ಈ ಎಚ್ಚರಿಕೆ ನಿಮಗೆ ಎಲ್ಲರಿಗಿಂತ ಹೆಚ್ಚು ಬೇಕು.

ಕೆರೆಯ ನೀರಿನ ಬಗ್ಗೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ನಿಮ್ಮ ಜಿಲ್ಲೆಗೂ, ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ 2018ರಿಂದ ಕೋಲಾರ ಜಿಲ್ಲೆಗೂ ಬರುತ್ತಿರುವುದು ಎರಡನೇ ಹಂತದವರೆಗೆ ಸಂಸ್ಕರಿಸಿದ ಚರಂಡಿ ನೀರು. ಕೆರೆ ತುಂಬಿಸಿ ಅಂತರ್ಜಲ ಏರಿಸುವುದು ಅದರ ಉದ್ದೇಶ. ಎರಡನೇ ಹಂತದ ಸಂಸ್ಕರಣೆ ಕೊಳಕನ್ನು ಬಹಳಷ್ಟು ಕಡಿಮೆ ಮಾಡುತ್ತದೆಯಾದರೂ ರೋಗಾಣುಗಳನ್ನು ಪೂರ್ತಿ ತೆಗೆಯುವುದಿಲ್ಲ. ನೀರು ನೆಲದಲ್ಲಿ ಇಂಗುವಾಗ ಮಣ್ಣೇ ಬ್ಯಾಕ್ಟೀರಿಯಾಗಳನ್ನು ಬಹುಮಟ್ಟಿಗೆ ಸೋಸುತ್ತದೆ. ಆದ್ದರಿಂದ ಕೇಸಿಂಗ್ ಸರಿಯಾಗಿರುವ ಆಳದ ಬೋರ್‌ವೆಲ್ ನೀರೂ, ಕೆರೆಗೆ ಪಂಪ್ ಇಟ್ಟು ನೇರವಾಗಿ ಎತ್ತಿದ ನೀರೂ ಒಂದೇ ಅಲ್ಲ. ಕೆರೆಯಿಂದ ಎತ್ತಿ ಸೊಪ್ಪಿಗೆ ಹಾಯಿಸಬೇಡಿ. ದನದ ಸಗಣಿಯಲ್ಲಿ ಟೈಫಾಯ್ಡ್ ರೋಗಾಣು ಇರುವುದಿಲ್ಲ, ಅದು ಬರುವುದು ಮನುಷ್ಯರ ಮಲದಿಂದ ಮಾತ್ರ. ಚರಂಡಿ ಮೂಲದ ನೀರಿಗೆ ನಾವು ಇನ್ನಷ್ಟು ಹೆದರಬೇಕಾದದ್ದು ಅದಕ್ಕೇ. ಬೋರ್‌ವೆಲ್ ನೀರನ್ನು ವರ್ಷಕ್ಕೊಮ್ಮೆಯಾದರೂ ಬ್ಯಾಕ್ಟೀರಿಯಾ ಪರೀಕ್ಷೆಗೆ ಕೊಡಿ. ನೀರು ಪರೀಕ್ಷಿಸಲೆಂದೇ ಸಿಗುವ ಎಚ್2ಎಸ್ ಬಾಟಲಿಯಲ್ಲಿ ನೀರು ತುಂಬಿಟ್ಟರೆ ಒಂದೆರಡು ದಿನಗಳಲ್ಲಿ ಅದು ಕಪ್ಪಾಗುವುದು ಮಲದ ಸಂಪರ್ಕ ಇರುವ ಸೂಚನೆ.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇವೆ. ನಿಮ್ಮ ಭಾಗದ ಒಂದು ತೋಟದಲ್ಲಿ ನಾವು ಕಂಡದ್ದು ಇದು. ಮುಂಜಾನೆ ಕಿತ್ತ ಕೊತ್ತಂಬರಿ ಕಟ್ಟುಗಳನ್ನು ಬೇರಿನ ಮಣ್ಣು ಹೋಗಲೆಂದು ಒಂದೇ ತೊಟ್ಟಿಯಲ್ಲಿ ಅದ್ದಿ ಅದ್ದಿ ತೆಗೆಯುತ್ತಿದ್ದರು. ಇಪ್ಪತ್ತು ಕಟ್ಟು ಆಗುವಷ್ಟರಲ್ಲಿ ನೀರು ಟೀ ಬಣ್ಣಕ್ಕೆ ತಿರುಗಿತು. ಅದೇ ನೀರಿನಲ್ಲಿ ಇನ್ನೂರು ಕಟ್ಟುಗಳು ಮುಳುಗಿ ಎದ್ದವು. ಒಂದು ಕಟ್ಟಿನ ಬೇರಿನಲ್ಲಿ ಸಗಣಿಯ ಚೂರಿದ್ದರೂ ಅದರ ಪಾಲು ಇನ್ನೂರು ಕಟ್ಟುಗಳ ಎಲೆಗೂ ಹಂಚಿಹೋಗಿರುತ್ತದೆ. ಬೇರನ್ನು ಕೊಡವಿ ಮಣ್ಣು ಉದುರಿಸಿ, ತೊಳೆಯಲೇಬೇಕಿದ್ದರೆ ಪೈಪಿನ ಹರಿಯುವ ಬೋರ್‌ವೆಲ್ ನೀರಿನಲ್ಲಿ, ಎಲೆಯ ಕಡೆಯಿಂದ ಬೇರಿನ ಕಡೆಗೆ ನೀರು ಇಳಿಯುವಂತೆ ಹಿಡಿದು ತೊಳೆಯಿರಿ. ಮುಚ್ಚುವ ಗೋಣಿತಾಟನ್ನು ಗೊಬ್ಬರ ಹೊತ್ತ ಚೀಲಗಳಿಂದ ಬೇರೆಯಾಗಿಡಿ.

ಪ್ರಶ್ನೆ: ಎಲೆಕೋಸು ತಿಂದರೆ ಹುಳು ಮೆದುಳಿಗೆ ಹೋಗುತ್ತದೆ ಎನ್ನುತ್ತಾರೆ. ಇದೂ ಸಗಣಿಯಿಂದಲೇ ಬರುತ್ತದೆಯೇ?
(ಶಿಕ್ಷಕರು, ಮಾಲೂರು)

ಉತ್ತರ: ಇಲ್ಲ. ಅದು ಬ್ಯಾಕ್ಟೀರಿಯಾವೂ ಅಲ್ಲ, ದನದ ಗೊಬ್ಬರದಿಂದ ಬರುವುದೂ ಅಲ್ಲ. ಹಂದಿಯ ಲಾಡಿಹುಳು ಮನುಷ್ಯನ ಕರುಳಿನಲ್ಲಿ ಬೆಳೆದಾಗ ಅವನ ಮಲದಲ್ಲಿ ಅದರ ಮೊಟ್ಟೆಗಳು ಹೊರಬೀಳುತ್ತವೆ. ಆ ಮಲ ಬಯಲಿನಿಂದಲೋ ಚರಂಡಿ ನೀರಿನಿಂದಲೋ ತರಕಾರಿಗೆ ತಾಗಿ, ಮೊಟ್ಟೆ ಇನ್ನೊಬ್ಬರ ಹೊಟ್ಟೆ ಸೇರಿದರೆ ಮರಿಗಳು ರಕ್ತದ ಮೂಲಕ ಮೆದುಳಿಗೆ ಹೋಗಬಲ್ಲವು. ಕೋಸಿನೊಳಗೆ ಕಾಣುವ ಹಸಿರು ಹುಳುವಿಗೂ ಇದಕ್ಕೂ ಸಂಬಂಧವಿಲ್ಲ. ಹೊರಗಿನ ಎರಡು ಮೂರು ಎಲೆಗಳನ್ನು ತೆಗೆದು, ತೊಳೆದು, ಬೇಯಿಸಿದ ಕೋಸಿನಿಂದ ಈ ಭಯವಿಲ್ಲ.

ಪ್ರಶ್ನೆ: ಸೊಪ್ಪನ್ನು ಉಪ್ಪು, ಅರಿಶಿನದ ನೀರಿನಲ್ಲಿ ನೆನೆಸಿ ತೊಳೆಯುತ್ತೇನೆ. ಇಷ್ಟು ಸಾಕೇ? ಮಕ್ಕಳಿಗೆ ಮೊಳಕೆ ಮೆಂತ್ಯ, ಕೋಸಂಬರಿ ಕೊಡುತ್ತೇನೆ. ಏನಾದರೂ ಹೆಚ್ಚುಕಡಿಮೆಯಾದರೆ ತಿಳಿಯುವುದು ಹೇಗೆ?
(ಗೃಹಿಣಿ, ಚಿಂತಾಮಣಿ)

ಉತ್ತರ: ಉಪ್ಪು ನೀರಿಗೆ ಹುಳು, ಹೇನು ಬಿಟ್ಟುಕೊಳ್ಳುತ್ತವೆ. ಆದರೆ ಅಡುಗೆಮನೆಯಲ್ಲಿ ನಾವು ಹಾಕುವಷ್ಟು ಉಪ್ಪು, ಅರಿಶಿನಗಳು ಈ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆಂದು ನೆಚ್ಚುವಂತಿಲ್ಲ. ಚೆನ್ನಾಗಿ ತೊಳೆದರೆ ನೂರು ಬ್ಯಾಕ್ಟೀರಿಯಾಗಳಲ್ಲಿ ತೊಂಬತ್ತು, ಕೆಲವೊಮ್ಮೆ ತೊಂಬತ್ತೊಂಬತ್ತು ಹೋಗಬಹುದು. ಪತ್ರರಂಧ್ರದಲ್ಲಿ, ಕತ್ತರಿಸಿದ ಅಂಚಿನಲ್ಲಿ ಕೂತದ್ದು ಹೋಗುವುದಿಲ್ಲ. ಆದರೂ ತೊಳೆಯುವುದನ್ನು ಬಿಡಬೇಡಿ, ಕ್ರಮವನ್ನು ಸ್ವಲ್ಪ ಬದಲಿಸಿ. ಮೊದಲು ಬೇರು ಕತ್ತರಿಸಿ ಬಿಸಾಡಿ, ಕೊಳೆತ ಎಲೆಗಳನ್ನು ಆರಿಸಿ ತೆಗೆಯಿರಿ, ಕಟ್ಟನ್ನು ಪೂರ್ತಿ ಬಿಚ್ಚಿ ಅಗಲ ಪಾತ್ರೆಯ ನೀರಿನಲ್ಲಿ ಅಲುಗಿಸಿ, ಸೊಪ್ಪನ್ನು ಮೇಲಿನಿಂದ ಕೈಯಲ್ಲಿ ಎತ್ತಿಕೊಳ್ಳಿ. ಪಾತ್ರೆಯನ್ನು ಬಗ್ಗಿಸಿ ಬಸಿದರೆ ತಳದ ಮಣ್ಣು ಮತ್ತೆ ಎಲೆಯ ಮೇಲೆ ಬೀಳುತ್ತದೆ. ಹೀಗೆ ಮೂರು ನೀರು ಬದಲಿಸಿ, ಕೊನೆಯದು ಕುಡಿಯುವ ನೀರಾಗಿರಲಿ. ಹೆಚ್ಚುವುದು ತೊಳೆದ ಮೇಲೆ. ಸೋಪು, ಪಾತ್ರೆ ತೊಳೆಯುವ ದ್ರಾವಣಗಳನ್ನು ಸೊಪ್ಪಿಗೆ ಬಳಸಲೇಬಾರದು.

ಮೊಳಕೆಯ ವಿಷಯದಲ್ಲಿ ನಮ್ಮ ಮಾತು ಕಟುವೆನಿಸಬಹುದು. 2011ರಲ್ಲಿ ಜರ್ಮನಿಯಲ್ಲಿ ಒ104:ಎಚ್4 ಎಂಬ ಇ. ಕೋಲೈ ತಳಿಯಿಂದ 3,800ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು, 50ಕ್ಕೂ ಹೆಚ್ಚು ಜನ ಸತ್ತರು. ತನಿಖೆಯ ಬೆರಳು ತೋರಿದ್ದು ಮೆಂತ್ಯದ ಮೊಳಕೆಯನ್ನು, ಕಾಳು ಬಂದದ್ದು ಈಜಿಪ್ಟಿನಿಂದ. ಕಾಳಿನ ಮೇಲೆ ಒಂದೆರಡು ಬ್ಯಾಕ್ಟೀರಿಯಾ ಇದ್ದರೂ ತೇವ, ಬೆಚ್ಚನೆಯ ಬಟ್ಟೆಯೊಳಗೆ ಎರಡು ದಿನ ಕಟ್ಟಿಟ್ಟಾಗ ಅವು ಮೊಳಕೆಯ ಜೊತೆಗೇ ಕೋಟಿಗಟ್ಟಲೆ ಬೆಳೆಯುತ್ತವೆ. ಐದು ವರ್ಷದೊಳಗಿನ ಮಕ್ಕಳಿಗೆ, ವಯಸ್ಸಾದವರಿಗೆ, ಬಸುರಿಯರಿಗೆ ಮೊಳಕೆಕಾಳನ್ನು ಬೇಯಿಸಿಯೇ ಕೊಡಿ. ಹೆಸರುಬೇಳೆ ಕೋಸಂಬರಿ ಮೊಳಕೆಯಲ್ಲ, ಕುಡಿಯುವ ನೀರಿನಲ್ಲಿ ಒಂದೆರಡು ಗಂಟೆ ನೆನೆಸಿ ಕೂಡಲೇ ತಿನ್ನುವಂಥದ್ದು. ಅದಕ್ಕೆ ಹಾಕುವ ಕೊತ್ತಂಬರಿಯನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು ಹೆಚ್ಚಿ ಹಾಕಿದರೆ ಘಮ ಸ್ವಲ್ಪ ಕಡಿಮೆಯಾದರೂ ಮಕ್ಕಳಿಗೆ ಕೊಡಲು ಧೈರ್ಯವಿರುತ್ತದೆ. ಕುದಿಸಿದ ಸಾರಿನ ಬಗ್ಗೆಯೂ ಒಂದು ಮಾತು: ಬ್ಯಾಸಿಲಸ್ ಸೀರಿಯಸ್‌ನಂತಹ ಕೆಲವು ಮಣ್ಣಿನ ಬ್ಯಾಕ್ಟೀರಿಯಾಗಳ ಬೀಜಕಣಗಳು ಕುದಿಯನ್ನೂ ತಾಳಿ ಉಳಿಯುತ್ತವೆ. ಬೆಳಗಿನ ಸೊಪ್ಪಿನ ಸಾರನ್ನು ಒಲೆಯ ಪಕ್ಕ ರಾತ್ರಿಯವರೆಗೆ ಇಡದೆ, ಆರಿದ ಕೂಡಲೇ ಫ್ರಿಜ್‌ಗೆ ಸೇರಿಸಿ.

ಕಾಯಿಲೆಯ ಲಕ್ಷಣಗಳನ್ನು ತಿಳಿದಿರುವುದು ಮುಖ್ಯ. ಒ157:ಎಚ್7 ಹೊಟ್ಟೆ ಸೇರಿದ ಮೂರು ನಾಲ್ಕು ದಿನಗಳಲ್ಲಿ ಹೊಟ್ಟೆ ನುಲಿತ, ಭೇದಿ ಶುರುವಾಗಿ ಭೇದಿಯಲ್ಲಿ ರಕ್ತ ಕಾಣಿಸುತ್ತದೆ, ಜ್ವರ ಇರದೆಯೂ ಇರಬಹುದು. ಹೆಚ್ಚಿನವರು ಒಂದು ವಾರದಲ್ಲಿ ಗುಣವಾಗುತ್ತಾರೆ. ಕೆಲವು ಮಕ್ಕಳಲ್ಲಿ ಮಾತ್ರ ಭೇದಿ ಕಡಿಮೆಯಾಗುತ್ತಿರುವ ಹೊತ್ತಿಗೆ ಶಿಗಾ ವಿಷ ಮೂತ್ರಪಿಂಡವನ್ನು ಕೆಡಿಸಿ, ಮೂತ್ರ ಕಡಿಮೆಯಾಗಿ, ಮುಖ ಬಿಳಿಚಿಕೊಂಡು, ಮಗು ಸುಸ್ತಾಗುತ್ತದೆ. ಆದ್ದರಿಂದ ರಕ್ತಭೇದಿ ಕಂಡ ದಿನವೇ ವೈದ್ಯರ ಬಳಿ ಹೋಗಿ. ಓಆರ್‌ಎಸ್ ಕುಡಿಸುತ್ತಿರಿ. ಭೇದಿ ನಿಲ್ಲಿಸುವ ಮಾತ್ರೆಯನ್ನಾಗಲಿ, ಮನೆಯಲ್ಲಿ ಉಳಿದಿರುವ ಆಂಟಿಬಯೋಟಿಕ್ ಅನ್ನಾಗಲಿ ನೀವಾಗಿಯೇ ಕೊಡಬೇಡಿ, ಈ ಕಾಯಿಲೆಯಲ್ಲಿ ಅವು ತೊಂದರೆಯನ್ನು ಹೆಚ್ಚಿಸಬಹುದು. ಮಗು ಕಳೆದ ಒಂದು ವಾರದಲ್ಲಿ ಹಸಿಯಾಗಿ ಏನೇನು ತಿಂದಿತ್ತು, ಕೊನೆಯ ಸಲ ಎಷ್ಟು ಹೊತ್ತಿಗೆ ಮೂತ್ರ ಮಾಡಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ.